ಇಲ್ಲಿ ಹಕ್ಕಿ, ಅಲ್ಲಿ ಮೊಟ್ಟೆ!

ಫಿಲಿಪೀನ್ಸಿನ ರಾಜಧಾನಿ ಮನಿಲಾದ ಹುಡುಗನೊಬ್ಬ ರಜೆಗೆಂದು ಪಂಪಾಂಗಾ ಪ್ರಾಂತ್ಯದ ನೆಂಟರ ಮನೆಗೆ ಹೋಗಿದ್ದಾನೆ ಎಂದಿಟ್ಟುಕೊಳ್ಳಿ. ದೂರವೇನಲ್ಲ, ಬಸ್ಸಿನಲ್ಲಿ ಎರಡು ತಾಸಿನ ಹಾದಿ. ಬೆಳಿಗ್ಗೆ ಅತ್ತೆ ಅಡುಗೆಮನೆಯಿಂದ ಕೂಗಿ 'ಎಬುನ್' ತಿನ್ನುತ್ತೀಯಾ ಎಂದು ಕೇಳುತ್ತಾಳೆ. ಹುಡುಗನಿಗೆ ಗಾಬರಿ. ಅವನಾಡುವ ತಗಾಲೋಗ್ ಭಾಷೆಯಲ್ಲಿ 'ಇಬೋನ್' ಎಂದರೆ ಹಕ್ಕಿ. ಬೆಳಗಿನ ತಿಂಡಿಗೆ ಇವರು ಹಕ್ಕಿ ಹುರಿಯುತ್ತಾರೆಯೇ? ಕೊನೆಗೆ ತಟ್ಟೆಯಲ್ಲಿ ಬಂದದ್ದು ಮೊಟ್ಟೆ. ಅತ್ತೆಯ ಕಪಾಂಪಾಂಗನ್ ಭಾಷೆಯಲ್ಲಿ ಎಬುನ್ ಎಂದರೆ ಮೊಟ್ಟೆಯೇ.

ಹಾಗಾದರೆ ಹಕ್ಕಿಗೆ ಅವರು ಏನನ್ನುತ್ತಾರೆ? 'ಆಯುಪ್' ಎನ್ನುತ್ತಾರೆ. ಹುಡುಗನ ಗಲಿಬಿಲಿ ಇನ್ನೂ ಹೆಚ್ಚುತ್ತದೆ. ಏಕೆಂದರೆ ಅವನ ಭಾಷೆಯಲ್ಲಿ 'ಹಾಯೊಪ್' ಎಂದರೆ ಪ್ರಾಣಿ, ಪಶು. ಮನುಷ್ಯರನ್ನು ಹಾಗೆ ಕರೆದರೆ ಅದು ಬೈಗುಳ.

ಇದು ಒಂದು ಜೋಡಿ ಭಾಷೆಯ ಕಥೆ ಮಾತ್ರವಲ್ಲ. ಏಳು ಸಾವಿರಕ್ಕೂ ಮಿಕ್ಕಿದ ದ್ವೀಪಗಳ ಆ ದೇಶದಲ್ಲಿ ನೂರೈವತ್ತಕ್ಕೂ ಹೆಚ್ಚು ಭಾಷೆಗಳಿವೆ. ಅವುಗಳಲ್ಲಿ ಬಹುತೇಕ ಎಲ್ಲವೂ ಒಂದೇ ಬಳ್ಳಿಯ ಕುಡಿಗಳು. ಆದರೂ ಹಕ್ಕಿಯ ಮಾತು ಬಂದೊಡನೆ ಒಬ್ಬೊಬ್ಬರೂ ಒಂದೊಂದು ದಾರಿ ಹಿಡಿಯುತ್ತಾರೆ. ಇಲೊಕಾನೊ ಭಾಷೆಯವರು 'ಬಿಲ್ಲಿತ್' ಎನ್ನುತ್ತಾರೆ. ಬಿಕೋಲ್ ನಾಡಿನಲ್ಲಿ ಅದು 'ಗಮ್‌ಗಮ್', ವರೈ ಭಾಷೆಯಲ್ಲಿ 'ತಮ್ಸಿ', ಹಿಲಿಗೈನೋನ್ ಆಡುವವರಲ್ಲಿ 'ಪಿಸ್‌ಪಿಸ್'. ಸೆಬು ದ್ವೀಪದವರು 'ಲಂಗ್‌ಗಮ್' ಎನ್ನುತ್ತಾರೆ. ಈ ಲಂಗ್‌ಗಮ್ ಮನಿಲಾಕ್ಕೆ ಬಂದರೆ ಇರುವೆಯಾಗುತ್ತದೆ! ಆಕಾಶದಲ್ಲಿ ಲಂಗ್‌ಗಮ್ ಹಾರುತ್ತಿದೆ ಎಂದು ಸೆಬುವಿನವನು ಹೇಳಿದರೆ, ಆ ಮಾತು ಗೊತ್ತಿಲ್ಲದ ಮನಿಲಾದವನು ತಲೆಯೆತ್ತಿ ಇರುವೆಯನ್ನು ಹುಡುಕಬೇಕು.

ನಗುವ ಮುನ್ನ ನಮ್ಮದನ್ನೂ ನೋಡಿಕೊಳ್ಳೋಣ. ಹಿಂದಿಯಲ್ಲಿ 'ಶಿಕ್ಷಾ' ಎಂದರೆ ವಿದ್ಯೆ, ಕನ್ನಡದಲ್ಲಿ 'ಶಿಕ್ಷೆ' ಎಂದರೆ ದಂಡನೆ. ಎರಡಕ್ಕೂ ಮೂಲ ಒಂದೇ ಸಂಸ್ಕೃತ ಪದ. (ಪರೀಕ್ಷೆಯ ದಿನಗಳಲ್ಲಿ ಮಕ್ಕಳಿಗೆ ಎರಡರ ನಡುವೆ ವ್ಯತ್ಯಾಸವೇ ಕಾಣದಿದ್ದರೆ ಅದು ಬೇರೆ ವಿಚಾರ.)

ಇಬೋನ್ ಎಂಬುದು ತಗಾಲೋಗ್‌ನಲ್ಲಿ ಗುಬ್ಬಿಯಿಂದ ಗರುಡನವರೆಗೆ ರೆಕ್ಕೆಯ ಕುಲಕ್ಕೆಲ್ಲ ಸಲ್ಲುವ ಹೆಸರು. ನಮ್ಮಲ್ಲಿ ಹಕ್ಕಿ ಎಂಬ ಮಾತು ಇದ್ದಂತೆ. 'ಹಕ್ಕಿ' ಅಚ್ಚಗನ್ನಡ ಪದ ಎಂದು ಅನೇಕರು ತಿಳಿದಿದ್ದಾರೆ. ವಾಸ್ತವವಾಗಿ ಅದು ಸಂಸ್ಕೃತದ 'ಪಕ್ಷಿ'ಯ ತದ್ಭವ. ಪಕ್ಷಿ ಪಕ್ಕಿಯಾಯಿತು, ಹಳಗನ್ನಡದ ಪಕಾರ ನಡುಗನ್ನಡದಲ್ಲಿ ಹಕಾರವಾದಾಗ ಪಕ್ಕಿ ಹಕ್ಕಿಯಾಯಿತು. ತುಳುವರು ಇಂದಿಗೂ ಪಕ್ಕಿ ಎಂದೇ ಹೇಳುತ್ತಾರೆ. ಪಕ್ಷ ಎಂದರೆ ರೆಕ್ಕೆ, ಅದು ಇರುವುದು ಪಕ್ಷಿ.

ಇಬೋನ್‌ಗೆ ತಗಾಲೋಗ್ ಮನೆಯಲ್ಲಿ ಒಬ್ಬ ಹಿರಿಯಣ್ಣನಿದ್ದಾನೆ. ಅವನ ಹೆಸರು 'ಮನೋಕ್'. ಈಗ ಅದಕ್ಕೆ ಕೋಳಿ ಎಂದಷ್ಟೇ ಅರ್ಥ. ಆದರೆ ಅದರ ಸಂಚಾರದ ಕಥೆ ಕೇಳಿದರೆ ಭೂಗೋಳದ ಪಟವನ್ನೇ ಹರಡಿಕೊಂಡು ಕೂರಬೇಕಾಗುತ್ತದೆ.

ತಗಾಲೋಗ್ ಸೇರಿದ ಭಾಷಾಕುಟುಂಬಕ್ಕೆ ಆಸ್ಟ್ರೋನೇಷ್ಯನ್ ಎಂದು ಹೆಸರು. ಅದರಲ್ಲಿ ಸುಮಾರು 1,200 ಭಾಷೆಗಳು. ಪಶ್ಚಿಮಕ್ಕೆ ಆಫ್ರಿಕದ ಪಕ್ಕದ ಮಡಗಾಸ್ಕರ್, ಪೂರ್ವಕ್ಕೆ ಪೆಸಿಫಿಕ್ ಸಾಗರದ ನಡುವಿನ ಈಸ್ಟರ್ ದ್ವೀಪ, ಉತ್ತರಕ್ಕೆ ಹವಾಯಿ, ದಕ್ಷಿಣಕ್ಕೆ ನ್ಯೂಜಿಲೆಂಡ್: ಇಷ್ಟು ಅದರ ಹರವು. 'ಐದು' ಎಂಬುದಕ್ಕೆ ತಗಾಲೋಗ್‌ನಲ್ಲಿ 'ಲಿಮಾ', ಮಲಯ್ ಭಾಷೆಯಲ್ಲಿ 'ಲಿಮಾ', ಹವಾಯಿಯಲ್ಲಿಯೂ 'ಲಿಮಾ', ಮಡಗಾಸ್ಕರಿನಲ್ಲಿ 'ದಿಮಿ'. ನಡುವೆ ಎರಡು ಮಹಾಸಾಗರಗಳಿದ್ದರೂ ಎಣಿಕೆ ತಪ್ಪಿಲ್ಲ.

ಈ ಜನರ ಪೂರ್ವಿಕರು ತೈವಾನ್ ದ್ವೀಪದಿಂದ ದೋಣಿ ಕಟ್ಟಿಕೊಂಡು ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಫಿಲಿಪೀನ್ಸಿಗೆ ಇಳಿದರು, ಅಲ್ಲಿಂದ ದಿಕ್ಕುದಿಕ್ಕಿಗೆ ಹರಡಿದರು ಎಂಬುದು ಹೆಚ್ಚಿನ ವಿದ್ವಾಂಸರು ಒಪ್ಪಿರುವ ಮಾತು. ಆ ಕಾಲದ ಬರಹ ಒಂದೂ ಉಳಿದಿಲ್ಲ, ಬರಹವೇ ಇರಲಿಲ್ಲ. ಆದರೂ ಅವರು ಕೋಳಿಗೆ ಏನನ್ನುತ್ತಿದ್ದರು ಎಂದು ಹೇಳಲು ಸಾಧ್ಯವಾಗಿದೆ. ಅದು ಹೇಗೆ? ಇಂದಿನ ನೂರಾರು ಭಾಷೆಗಳ ಪದಗಳನ್ನು ಪಕ್ಕಪಕ್ಕದಲ್ಲಿ ಇಟ್ಟು, ಯಾವ ಅಕ್ಷರ ಎಲ್ಲಿ ಯಾವುದಾಗಿದೆ ಎಂಬ ನಿಯಮ ಕಂಡುಕೊಂಡು, ಹಿಂದಕ್ಕೆ ನಡೆಯುತ್ತಾರೆ. ಮೊಮ್ಮಕ್ಕಳ ಮುಖಗಳನ್ನು ನೋಡಿ ಅಜ್ಜಿಯ ಮುಖ ಬರೆದಂತೆ. ಹೀಗೆ ಊಹಿಸಿ ಕಟ್ಟಿದ ಪದದ ತಲೆಯ ಮೇಲೆ ಒಂದು ನಕ್ಷತ್ರದ ಗುರುತು ಹಾಕುವುದು ವಾಡಿಕೆ. ಇದು ಎಲ್ಲಿಯೂ ಬರೆದು ಸಿಕ್ಕಿದ್ದಲ್ಲ ಎಂಬ ಪ್ರಾಮಾಣಿಕ ಎಚ್ಚರಿಕೆ ಅದು. 2022ರಲ್ಲಿ ತೀರಿಕೊಂಡ ಹವಾಯಿ ವಿಶ್ವವಿದ್ಯಾಲಯದ ರಾಬರ್ಟ್ ಬ್ಲಸ್ಟ್ ಇಂಥ ನಕ್ಷತ್ರದ ಪದಗಳ ದೊಡ್ಡ ನಿಘಂಟಿಗಾಗಿ ದಶಕಗಳ ಕಾಲ ದುಡಿದರು.

ಆ ಲೆಕ್ಕದ ಪ್ರಕಾರ 'ಮನುಕ್' ಎಂದರೆ ಕೋಳಿ. ಅದನ್ನೇ ಎರಡು ಸಲ ಹೇಳಿ 'ಮನು-ಮನುಕ್' ಎಂದರೆ ಹಕ್ಕಿ! ಕೋಳಿಯಂಥದು, ಕೋಳಿಯ ಜಾತಿಯದು ಎಂಬ ಭಾವ. ಪದವನ್ನು ಇಮ್ಮಡಿಸಿ 'ಅದರಂಥದು' ಎಂದು ಹೇಳುವ ರೂಢಿ ಆ ಭಾಷೆಗಳಲ್ಲಿ ಈಗಲೂ ಇದೆ. ತಗಾಲೋಗ್‌ನಲ್ಲಿ 'ಬಾಹಾಯ್' ಎಂದರೆ ಮನೆ, 'ಬಾಹಾಯ್-ಬಾಹಾಯನ್' ಎಂದರೆ ಮಕ್ಕಳ ಮನೆಯಾಟ. ಅಂಗಳದಲ್ಲಿ ಓಡಾಡುವ ಕೋಳಿಯೇ ಆ ಜನಕ್ಕೆ ಅಳತೆಗೋಲು. ಕಾಡಿನ ಹಕ್ಕಿಗಳೆಲ್ಲ ಅದರ ನೆಂಟರು.

ಮುಂದೆ ಪದ ಬೇರೆ ಬೇರೆ ರೇವು ಸೇರಿತು. ಜಾವಾದಲ್ಲಿ 'ಮನುಕ್' ಹಕ್ಕಿಯಾಯಿತು. ಫಿಲಿಪೀನ್ಸಿನ ಬಹುಪಾಲು ಭಾಷೆಗಳಲ್ಲಿ ಕೋಳಿಯಾಗಿಯೇ ಉಳಿಯಿತು. ಪೆಸಿಫಿಕ್ಕಿನ ನಡುಗಡ್ಡೆಗಳಿಗೆ ಹೋಗುವಷ್ಟರಲ್ಲಿ ಕೊನೆಯ ವ್ಯಂಜನ ಕಳಚಿ 'ಮನು' ಎಂದಾಯಿತು. ಸಮೋವಾ, ಹವಾಯಿ, ನ್ಯೂಜಿಲೆಂಡುಗಳಲ್ಲಿ ಮನು ಎಂದರೆ ಹಕ್ಕಿ. ನಮ್ಮ ಮನುಮಹರ್ಷಿಗೂ ಇದಕ್ಕೂ ಸಂಬಂಧ ಕಲ್ಪಿಸಲು ಯಾರಾದರೂ ಹೊರಟರೆ ದಯವಿಟ್ಟು ತಡೆಯಿರಿ. ಉಚ್ಚಾರ ಹೋಲುತ್ತದೆ ಎಂಬ ಒಂದೇ ಕಾರಣಕ್ಕೆ ಪದಗಳಿಗೆ ಮದುವೆ ಮಾಡಿಸುವ ಚಟ ನಮ್ಮಲ್ಲಿ ಸ್ವಲ್ಪ ಹೆಚ್ಚೇ ಇದೆ.

ಇಲ್ಲೊಂದು ಸೊಗಸಾದ ತಿರುವು. ಪೆಸಿಫಿಕ್ಕಿನ ಆ ದ್ವೀಪಗಳಲ್ಲಿ ಮನು ಎಂದರೆ ಹಕ್ಕಿ ಎಂದಾದ ಮೇಲೆ ಕೋಳಿಗೆ ಬೇರೆ ಹೆಸರು ಬೇಕಲ್ಲವೇ? ಅದು 'ಮೋವಾ'. ಹವಾಯಿಯಲ್ಲೂ ಸಮೋವಾದಲ್ಲೂ ಮೋವಾ ಎಂದರೆ ಕೋಳಿ. ನ್ಯೂಜಿಲೆಂಡಿಗೆ ದೋಣಿಯಲ್ಲಿ ಬಂದ ಮಾವೊರಿಗಳ ಪೂರ್ವಿಕರ ಬಳಿ ಆ ಹೆಸರಿತ್ತು, ಆದರೆ ಆ ನೆಲದಲ್ಲಿ ಕೋಳಿ ನೆಲೆಯೂರಲಿಲ್ಲ. ಬದಲಿಗೆ ಅವರ ಕಣ್ಣಿಗೆ ಬಿದ್ದದ್ದು ರೆಕ್ಕೆಯೇ ಇಲ್ಲದ, ಮನುಷ್ಯನಿಗಿಂತ ಎತ್ತರದ ದೈತ್ಯ ಹಕ್ಕಿ. ಅದನ್ನೇ ಮೋವಾ ಎಂದು ಕರೆದರು. ಜೀವವಿಜ್ಞಾನದ ಪುಸ್ತಕದಲ್ಲಿ ನಿರ್ನಾಮವಾದ ಮೋವಾದ ಚಿತ್ರ ನೋಡಿದ ವಿದ್ಯಾರ್ಥಿಗಳು ನೆನಪಿಡಬಹುದು, ಆ ಹೆಸರಿನ ಹಳೆಯ ಅರ್ಥ ಕೋಳಿ!

ಅಂಗಳದ ಕೋಳಿಯಿಂದ ಹಕ್ಕಿ, ಹಕ್ಕಿಯಿಂದ ಅಂಗಳದ ಕೋಳಿ: ಈ ಹೋಗಿಬರುವ ಆಟ ಆ ದ್ವೀಪಗಳದು ಮಾತ್ರವಲ್ಲ. ಹೋಟೆಲಿನ ಪಟ್ಟಿಯಲ್ಲಿ 'ಮುರ್ಗ್ ಮಸಾಲಾ' ಎಂದು ಓದಿದ್ದೀರಲ್ಲ? ಆ ಮುರ್ಗ್ ಪಾರಸಿ ಪದ, ಅಲ್ಲಿ ಅದಕ್ಕೆ ಹಕ್ಕಿ ಎಂದು ಅರ್ಥ. ಉಷ್ಟ್ರಪಕ್ಷಿಗೆ ಅವರು ಇಟ್ಟ ಹೆಸರು 'ಶುತುರ್‌ಮುರ್ಗ್', ಅಂದರೆ ಒಂಟೆಹಕ್ಕಿ. ಹಿಂದಿ, ಉರ್ದುಗಳಲ್ಲಿ ಮುರ್ಗ್ ಕೋಳಿಗೆ ಇಳಿಯಿತು. ಇನ್ನೂ ಒಂದು ಮೆಟ್ಟಿಲು ಕೆಳಗಿಳಿದರೆ ಈ ಮುರ್ಗ್ ನಮ್ಮ ಸಂಸ್ಕೃತದ 'ಮೃಗ'ದ ಒಡಹುಟ್ಟು. ಮೃಗ ಎಂದರೆ ಕಾಡುಪ್ರಾಣಿ, ಜಿಂಕೆ ಎಂಬ ಅರ್ಥವೂ ಉಂಟು. ಒಂದೇ ಬೇರಿನ ಪದ ಇರಾನಿನಲ್ಲಿ ಹಾರಿತು, ಇಲ್ಲಿ ನಾಲ್ಕು ಕಾಲಲ್ಲಿ ಓಡಿತು. ಕಪಾಂಪಾಂಗನ್‌ನ ಆಯುಪ್ ಹಕ್ಕಿಯಾಗಿ ತಗಾಲೋಗ್‌ನ ಹಾಯೊಪ್ ಪಶುವಾದದ್ದು ಈಗ ಅಷ್ಟು ವಿಚಿತ್ರವೆನಿಸದು.

ಹಕ್ಕಿ ಬರೀ ಹಕ್ಕಿಯಾಗಿ ಉಳಿಯುವುದೂ ಕಡಮೆ. ಸ್ಪೇನಿನ ಪಾದ್ರಿ ಹುವಾನ್ ದೆ ಪ್ಲಸೆನ್ಸಿಯಾ 1589ರಲ್ಲಿ ತಗಾಲೋಗ್ ಜನರ ಆಚಾರವಿಚಾರಗಳ ಬಗ್ಗೆ ಒಂದು ವರದಿ ಬರೆದ. ಅದರಲ್ಲಿ 'ತಿಗ್‌ಮಮನುಕನ್' ಎಂಬ ಹಕ್ಕಿಯ ಪ್ರಸ್ತಾಪವಿದೆ. ಹೆಸರಿನೊಳಗೆ ನಮ್ಮ ಮನುಕ್ ಅವಿತು ಕೂತಿರುವುದನ್ನು ಗಮನಿಸಿ. ಮನೆಯಿಂದ ಹೊರಟವನಿಗೆ ದಾರಿಯಲ್ಲಿ ಹಾವೋ ಇಲಿಯೋ ಎದುರಾದರೆ, ಯಾರಾದರೂ ಸೀನಿದರೆ, ಇಲ್ಲವೇ ಮರದಲ್ಲಿ ಈ ಹಕ್ಕಿ ಕೂಗಿದರೆ ಅವನು ಹಿಂದಿರುಗಿ ಮನೆ ಸೇರುತ್ತಿದ್ದನಂತೆ. ಹಕ್ಕಿಗೆ ಎರಡು ಬಗೆಯ ಕೂಗು. ಒಂದು ಕೇಡಿಗೆ, ಇನ್ನೊಂದು ಒಳಿತಿಗೆ. ಒಳಿತಿನ ಕೂಗು ಕೇಳಿದರೆ ಪಯಣ ಮುಂದುವರಿಯುತ್ತಿತ್ತು.

ಓದುತ್ತಿದ್ದಂತೆ ನಮ್ಮ ಅಜ್ಜಿಯರ ನೆನಪಾಗುತ್ತದೆ. ಹೊರಡುವಾಗ ಸೀನಿದರೆ ಕೂತು ನೀರು ಕುಡಿದು ಹೋಗು ಎನ್ನುತ್ತಿದ್ದವರು, ಹಾಲಕ್ಕಿ ಕೂಗಿದ್ದಕ್ಕೆ ಅರ್ಥ ಹಚ್ಚುತ್ತಿದ್ದವರು ಎಷ್ಟು ಮನೆಗಳಲ್ಲಿ ಇರಲಿಲ್ಲ! ಅಷ್ಟೇ ಏಕೆ, 'ಶಕುನ' ಎಂಬ ಪದವನ್ನೇ ತೆಗೆದುಕೊಳ್ಳಿ. ಸಂಸ್ಕೃತದಲ್ಲಿ ಶಕುನ ಎಂದರೆ ಮೊದಲು ಹಕ್ಕಿ ಎಂದೇ ಅರ್ಥ. ಹಕ್ಕಿಯ ಹಾರಾಟ, ಕೂಗು ನೋಡಿ ಭವಿಷ್ಯ ಹೇಳುತ್ತಿದ್ದುದರಿಂದ ಅದು ಮುನ್ಸೂಚನೆಯಾಯಿತು. ಶಕುನಿ ಎಂದರೂ ಹಕ್ಕಿ. ಶಕುಂತ ಪಕ್ಷಿಗಳು ಕಾಪಾಡಿದ ಮಗು ಶಕುಂತಲೆ. ಹಳೆಯ ರೋಮಿನಲ್ಲಿಯೂ ಹಕ್ಕಿ ನೋಡಿ ಶಕುನ ಹೇಳುವ ಅಧಿಕಾರಿಗಳಿದ್ದರು. 'ಆಸ್ಪಿಷಸ್' ಎಂಬ ಇಂಗ್ಲಿಷ್ ಪದದ ಮೂಲದಲ್ಲಿ ಇರುವುದು ಹಕ್ಕಿ ನೋಡುವುದು ಎಂಬ ಲ್ಯಾಟಿನ್ ಮಾತು. ಒಬ್ಬರಿಂದ ಒಬ್ಬರು ಕಲಿತದ್ದಲ್ಲ ಇದು. ಆಕಾಶದಲ್ಲಿ ಓಡಾಡುವವರಿಗೆ ನಮಗಿಂತ ಹೆಚ್ಚು ಗೊತ್ತಿರಬೇಕು ಎಂದು ಎಲ್ಲ ಕಡೆಯ ಮನುಷ್ಯರಿಗೂ ಅನ್ನಿಸಿರಬೇಕು.

ಆದರೆ ಕಲಿತ ಪದಗಳೂ ಉಂಟು. ಹಳೆಯ ತಗಾಲೋಗರ ಪರಮದೇವರ ಹೆಸರು 'ಬತಾಲಾ'. ಅದು ಸಂಸ್ಕೃತದ 'ಭಟ್ಟಾರ', ಪೂಜ್ಯ ಎಂದರ್ಥ. ನಮ್ಮ ಹಳಗನ್ನಡ ಶಾಸನಗಳಲ್ಲಿ ಬರುವ 'ಭಟಾರ' ಇದೇ. ಗುರುವಿಗೆ ಅವರಲ್ಲಿ 'ಗುರೋ', ಮುಖಕ್ಕೆ 'ಮುಖಾ', ದೇವತೆಗೆ 'ದಿವಾತಾ'. ಇವು ನೇರವಾಗಿ ಭಾರತದಿಂದ ಹೋದವಲ್ಲ, ಹೆಚ್ಚಿನವು ಮಲಯ್ ವರ್ತಕರ ಬಾಯಲ್ಲಿ ಪಯಣಿಸಿ ಸೇರಿದವು. 1989ರಲ್ಲಿ ಮನಿಲಾದ ಬಳಿಯ ಲಗೂನಾ ಪ್ರಾಂತ್ಯದಲ್ಲಿ ಮರಳು ತೆಗೆಯುವಾಗ ಒಂದು ತಾಮ್ರಪಟ ಸಿಕ್ಕಿತು. ನಮ್ಮ ಎಷ್ಟೋ ಶಾಸನಗಳಂತೆಯೇ ಅದೂ 'ಸ್ವಸ್ತಿ' ಎಂದು ಆರಂಭವಾಗುತ್ತದೆ. ಕಾಲ ಶಕವರ್ಷ 822, ವೈಶಾಖ ಮಾಸ, ಕ್ರಿ.ಶ. 900. ಇಲ್ಲಿ ಮಳಖೇಡದಲ್ಲಿ ರಾಷ್ಟ್ರಕೂಟರ ಇಮ್ಮಡಿ ಕೃಷ್ಣ ಆಳುತ್ತಿದ್ದ ದಿನಗಳು. ವಿಷಯ ಮಾತ್ರ ತೀರ ಲೌಕಿಕ, ಒಂದು ಮನೆತನದ ಸಾಲ ತೀರಿದ ರಸೀದಿ.

ಇಬೋನ್‌ನ ಕಡೆಗೆ ಹಿಂದಿರುಗೋಣ. ಫಿಲಿಪೀನ್ಸಿನಲ್ಲಿ ಶಾಲೆಗೆ ಹೋದ ಯಾರನ್ನು ಕೇಳಿದರೂ ಹೇಳುವ ಒಂದು ಕಥೆ 'ಇಬೋಂಗ್ ಅದಾರ್ನಾ', ಅಂದರೆ ಅದಾರ್ನಾ ಎಂಬ ಹಕ್ಕಿ. ಸ್ಪೇನಿನ ಆಳ್ವಿಕೆಯ ಕಾಲದ ಈ ಪದ್ಯಕಥೆಯನ್ನು ಹೈಸ್ಕೂಲಿನಲ್ಲಿ ತಲೆಮಾರುಗಳ ಕಾಲ ಓದಿಸಿದ್ದಾರೆ. ರಾಜ ಫೆರ್ನಾಂದೊನಿಗೆ ಯಾವ ಮದ್ದಿಗೂ ಬಗ್ಗದ ಕಾಯಿಲೆ, ಅದಾರ್ನಾ ಹಕ್ಕಿಯ ಹಾಡು ಕೇಳಿದರಷ್ಟೇ ಗುಣ. ಹಕ್ಕಿ ಏಳು ಹಾಡು ಹಾಡುತ್ತದೆ, ಒಂದೊಂದಕ್ಕೂ ಗರಿಯ ಬಣ್ಣ ಬದಲಿಸುತ್ತದೆ. ಕೇಳಿದವನಿಗೆ ತಡೆಯಲಾಗದ ನಿದ್ದೆ. ಹಾಡು ಮುಗಿಸಿ ಅದು ಹಾಕುವ ಹಿಕ್ಕೆ ಮೈಮೇಲೆ ಬಿದ್ದರೆ ಮಲಗಿದವನು ಕಲ್ಲಾಗುತ್ತಾನೆ. ಹಿರಿಯ ರಾಜಕುಮಾರರಿಬ್ಬರೂ ಹೀಗೆ ಕಲ್ಲಾದ ಮೇಲೆ ಕಿರಿಯವನಾದ ಹುವಾನ್ ಹೊರಡುತ್ತಾನೆ. ಅವನು ಅಂಗೈ ಕುಯ್ದುಕೊಂಡು ಗಾಯಕ್ಕೆ ನಿಂಬೆ ಜಾತಿಯ ಹುಳಿಹಣ್ಣಿನ ರಸ ಹಿಂಡಿಕೊಳ್ಳುತ್ತಾ ಎಚ್ಚರವಾಗಿರುತ್ತಾನೆ. ಪರೀಕ್ಷೆಯ ಹಿಂದಿನ ರಾತ್ರಿ ಕಣ್ಣಿಗೆ ನೀರು ಚಿಮುಕಿಸಿಕೊಂಡು ಕೂರುವ ನಮ್ಮ ಮಕ್ಕಳಿಗೆ ಹುವಾನನ ಕಷ್ಟ ಅರ್ಥವಾದೀತು!

ಈ ಕಾವ್ಯ ಹುವಾನ್‌ನಷ್ಟೇ ಪ್ರಸಿದ್ಧನಾದ ಹೊಸೆ ದೆ ಲಾ ಕ್ರೂಸ್ ಎಂಬ ಕವಿಯದು ಎಂಬ ಪ್ರತೀತಿ ಇದೆ. ಅವನ ಅಡ್ಡಹೆಸರು 'ಹುಸೆಂಗ್ ಸಿಸಿವ್'. ಸಿಸಿವ್ ಎಂದರೆ ಕೋಳಿಮರಿ. ಕಿರಿಯ ಕವಿಗಳ ಪದ್ಯ ತಿದ್ದಿಕೊಡಲು ಅವನು ಪಡೆಯುತ್ತಿದ್ದ ಗುರುದಕ್ಷಿಣೆ ಅದೇ. ಮುಂದೆ ತಗಾಲೋಗ್ ಸಾಹಿತ್ಯದ ದೊಡ್ಡ ಹೆಸರಾದ ಬಲಗ್ತಾಸ್, ಒಮ್ಮೆ ಮರಿಯಿಲ್ಲದೆ ಬರಿಗೈಯಲ್ಲಿ ಹೋದಾಗ ಗುರು ಪದ್ಯ ಮುಟ್ಟಲಿಲ್ಲವಂತೆ. ಅಂದಿನಿಂದ ಶಿಷ್ಯ ತನ್ನ ಪದ್ಯ ತಾನೇ ತಿದ್ದಿಕೊಳ್ಳಲು ಕಲಿತ ಎಂದು ಜನ ಹೇಳುತ್ತಾರೆ.

ಇಬೋನ್ ರಾಜಕೀಯಕ್ಕೂ ಇಳಿದಿದೆ. 'ಬಾಯನ್ ಕೋ' ಎಂಬ ಗೀತೆ ಅವರಲ್ಲಿ ಎರಡನೆಯ ರಾಷ್ಟ್ರಗೀತೆಯಂತೆ. ಹೆಸರಿನ ಅರ್ಥ 'ನನ್ನ ನಾಡು'. ಅಮೆರಿಕದ ಆಳ್ವಿಕೆಯಿದ್ದ 1920ರ ದಶಕದಲ್ಲಿ ಹೊಸೆ ಕೊರಸೋನ್ ದೆ ಹೆಸುಸ್ ಎಂಬ ಕವಿ ಅದರ ತಗಾಲೋಗ್ ಸಾಹಿತ್ಯ ಬರೆದ. ಪಂಜರದ ಹಕ್ಕಿಯೇ ಅತ್ತು ಹೊರಬರಲು ಹವಣಿಸುವಾಗ ಒಂದು ನಾಡು ಸುಮ್ಮನಿರುವುದೆಂತು ಎಂಬುದು ಅದರ ಭಾವ. ಫರ್ಡಿನಂಡ್ ಮಾರ್ಕೋಸ್‌ನ ಸರ್ವಾಧಿಕಾರದ ಕಾಲದಲ್ಲಿ ಈ ಹಾಡಿಗೆ ನಿಷೇಧ ಬಿತ್ತು. ವಿರೋಧ ಪಕ್ಷದ ನಾಯಕ ಬೆನಿನ್ಯೊ ಅಕ್ವಿನೊ 1983ರಲ್ಲಿ ಕೊಲೆಯಾದಾಗ ಶವಯಾತ್ರೆಯಲ್ಲಿ ಜನ ಅದನ್ನೇ ಹಾಡಿದರು. 1986ರ ಫೆಬ್ರವರಿಯಲ್ಲಿ ಲಕ್ಷಾಂತರ ಮಂದಿ ಮನಿಲಾದ ಹೆದ್ದಾರಿಯಲ್ಲಿ ಟ್ಯಾಂಕುಗಳ ಎದುರು ಕೂತು ಮತ್ತೆ ಹಾಡಿದರು. ಮಾರ್ಕೋಸ್ ದೇಶ ಬಿಟ್ಟ.

ಇನ್ನು 'ಹರಿಬೋನ್'. ಹರಿ ಎಂದಾಕ್ಷಣ ನಮ್ಮ ದೇವರನ್ನು ನೆನೆಯಬೇಡಿ. ತಗಾಲೋಗ್‌ನಲ್ಲಿ 'ಹಾರಿ' ಎಂದರೆ ರಾಜ. ಹಾರಿ ಮತ್ತು ಇಬೋನ್ ಕೂಡಿ ಹರಿಬೋನ್, ಅಂದರೆ ಹಕ್ಕಿಗಳ ರಾಜ. ಜಗತ್ತಿನ ಅತಿ ದೊಡ್ಡ ಹದ್ದುಗಳಲ್ಲಿ ಒಂದಾದ ಫಿಲಿಪೀನ್ ಹದ್ದಿಗೆ ಸಂದ ಹೆಸರು ಅದು. ಮೀಟರ್ ಉದ್ದದ ಮೈ, ತಲೆಯ ಮೇಲೆ ಕೆದರಿದ ಜುಟ್ಟು. 1896ರಲ್ಲಿ ಇಂಗ್ಲಿಷ್ ಪಕ್ಷಿಶೋಧಕ ಜಾನ್ ವೈಟ್‌ಹೆಡ್‌ಗೆ ಸಮಾರ್ ದ್ವೀಪದಲ್ಲಿ ಇದು ಸಿಕ್ಕಿತು. ಸ್ಥಳೀಯರು ಅದು ಮಂಗಗಳನ್ನು ಹಿಡಿದು ತಿನ್ನುತ್ತದೆ ಎಂದದ್ದರಿಂದ 'ಮಂಗಭಕ್ಷಕ ಹದ್ದು' ಎಂಬ ಹೆಸರು ಬಿತ್ತು. ವಾಸ್ತವವಾಗಿ ಮಿಂದನಾವೊ ದ್ವೀಪದಲ್ಲಿ ಅದರ ಮುಖ್ಯ ಆಹಾರ ಮರದಿಂದ ಮರಕ್ಕೆ ತೇಲುವ ಕೊಲೂಗೊ ಎಂಬ ಪ್ರಾಣಿ. 1978ರಲ್ಲಿ ಸರಕಾರವೇ ಆಜ್ಞೆ ಹೊರಡಿಸಿ ಹೆಸರನ್ನು ಫಿಲಿಪೀನ್ ಹದ್ದು ಎಂದು ಬದಲಿಸಿತು. 1995ರ ಜುಲೈಯಲ್ಲಿ ಅಧ್ಯಕ್ಷ ಫಿಡೆಲ್ ರಾಮೋಸ್ ಅದನ್ನು ರಾಷ್ಟ್ರಪಕ್ಷಿಯೆಂದು ಸಾರಿದರು. ಅದುವರೆಗೆ ಆ ಪಟ್ಟ ಗದ್ದೆಯ ಕಾಳು ತಿನ್ನುವ 'ಮಾಯಾ' ಎಂಬ ಪುಟ್ಟ ಮುನಿಯ ಹಕ್ಕಿಯದಾಗಿತ್ತು. ಪಾಪ, ಅದಕ್ಕೆ ಯಾರೂ ಹೇಳಿಯೂ ಇರಲಿಕ್ಕಿಲ್ಲ.

ಪಟ್ಟವೇನೋ ಬಂತು, ಆದರೆ ರಾಜನಿಗೆ ರಾಜ್ಯ ಉಳಿದಿಲ್ಲ. ಒಂದು ಜೋಡಿ ಹದ್ದಿಗೆ ಸಾವಿರಾರು ಹೆಕ್ಟೇರ್ ದಟ್ಟ ಕಾಡು ಬೇಕು. ಮರ ಕಡಿಯುವವರು, ಬೇಸಾಯಕ್ಕೆ ಕಾಡು ಸುಡುವವರು, ಕೋವಿ ಹಿಡಿದವರು ಎಲ್ಲರೂ ಸೇರಿ ಅದನ್ನು ಮೂಲೆಗೊತ್ತಿದ್ದಾರೆ. ಈಗ ಕಾಡಿನಲ್ಲಿ ಇರುವುದು ಸುಮಾರು 400 ಜೋಡಿ ಎಂದು ಅಂದಾಜು. ಎರಡು ವರ್ಷಕ್ಕೊಮ್ಮೆ ಒಂದೇ ಮೊಟ್ಟೆ ಇಡುವ ಹಕ್ಕಿಗೆ ಒಂದು ಗುಂಡೇಟಿನ ನಷ್ಟ ತುಂಬಿಕೊಳ್ಳಲು ವರ್ಷಗಳೇ ಹಿಡಿಯುತ್ತವೆ.

ಮಿಂದನಾವೊದ ದಾವೋ ನಗರದಲ್ಲಿ ಇವನ್ನು ಪಂಜರದಲ್ಲಿ ಸಾಕಿ ಮರಿ ಮಾಡಿಸುವ ಕೇಂದ್ರವೊಂದಿದೆ. ಅಲ್ಲಿನವರು ಹಲವು ವರ್ಷ ಪಟ್ಟ ಪಾಡಿನ ಫಲವಾಗಿ 1992ರ ಜನವರಿ 15ರಂದು ಕೃತಕ ಗರ್ಭಧಾರಣೆಯಿಂದ ಒಂದು ಮರಿ ಹುಟ್ಟಿತು. ಅದಕ್ಕಿಟ್ಟ ಹೆಸರು 'ಪಗ್-ಆಸಾ', ಭರವಸೆ ಎಂದರ್ಥ. ಆ ಹೆಸರಿನ ತಿರುಳಾದ 'ಆಸಾ' ಸಂಸ್ಕೃತದ ಆಶಾ, ನಮ್ಮ ಆಸೆ. ಮನುಷ್ಯರ ಕೈಯಲ್ಲೇ ಬೆಳೆದ ಪಗ್-ಆಸಾ ತನ್ನನ್ನು ಸಾಕಿದವನನ್ನೇ ಜೊತೆಗಾರನೆಂದು ಬಗೆಯಿತು. ಅದನ್ನು ಕಾಡಿಗೆ ಬಿಡುವ ಮಾತೇ ಇರಲಿಲ್ಲ. 2021ರ ಜನವರಿ 6ರಂದು, ಇಪ್ಪತ್ತೊಂಬತ್ತು ತುಂಬಲು ಕೆಲವೇ ದಿನಗಳಿದ್ದಾಗ, ಅದು ಸತ್ತಿತು.

2013ರಲ್ಲಿ ಅದಕ್ಕೊಂದು ಹೆಣ್ಣುಮರಿ ಹುಟ್ಟಿತ್ತು. ಆ ಮರಿಯ ಹೆಸರು 'ಮಬೂಹಾಯ್'. ಮನಿಲಾದಲ್ಲಿ ವಿಮಾನದಿಂದ ಇಳಿದವರನ್ನು ಸ್ವಾಗತಿಸಲು ಹೇಳುವ ಮಾತೂ ಅದೇ. ಪದಶಃ ಅರ್ಥ, ಬಾಳಲಿ ಎಂದು.